ದೊಡ್ಡಮ್ಮ ಸ್ವೆಟರ್ ಹಾಕ್ತಾರೆ

ಸ್ವೆಟರ್ ವಿಷಯದಲ್ಲಿ ನಮ್ಮ ಆಡುಮಾತು ಸ್ವಲ್ಪ ಜಿಪುಣ. ಕಡ್ಡಿ ಹಿಡಿದು ಹೆಣೆಯುವುದಕ್ಕೂ ‘ಸ್ವೆಟರ್ ಹಾಕೋದು’, ತಲೆ ತೂರಿಸಿ ತೊಡುವುದಕ್ಕೂ ‘ಸ್ವೆಟರ್ ಹಾಕೋದು’. ಹೆಣ್ಣು ನೋಡುವ ಶಾಸ್ತ್ರದಲ್ಲಿ “ಹುಡುಗಿ ಚೆನ್ನಾಗಿ ಸ್ವೆಟರ್ ಹಾಕ್ತಾಳೆ” ಎಂದದ್ದನ್ನು ಕೇಳಿ, ಪಾಪ, ಇವಳಿಗೆ ವರ್ಷವಿಡೀ ನೆಗಡಿಯೇನೋ ಎಂದು ಗಂಡಿನ ಕಡೆಯವರು ಎದ್ದುಹೋದ ಸಂಬಂಧವೊಂದು ನಮ್ಮ ಬಳಗದಲ್ಲೇ ಇದೆ. ವ್ಯಾಕರಣ ಬಲ್ಲವರು ಈ ಗೊಂದಲವನ್ನು ಹೀಗೆ ಬಿಡಿಸಬಹುದು: ಹಾಕುವವರು, ಹಾಕಿಕೊಳ್ಳುವವರು, ಹಾಕಿಸಿಕೊಳ್ಳುವವರು. ಹಾಕುವವರಿಗೆ ಕೈ ಬಿಡುವಿಲ್ಲ. ಹಾಕಿಕೊಳ್ಳುವವರಿಗೆ ಚಳಿ ಇದೆ. ಹಾಕಿಸಿಕೊಳ್ಳುವವರಿಗೆ ಚಳಿಯೂ ಇಲ್ಲ, ಬೇರೆ ದಾರಿಯೂ ಇಲ್ಲ. ನಾನು ಈ ಮೂರನೆಯ ಪಂಗಡದವನು. ಐವತ್ತು ವರ್ಷದಿಂದ ಹಾಕಿಸಿಕೊಳ್ಳುತ್ತಿದ್ದೇನೆ.

ಹಾಕುವವರು ನಮ್ಮ ದೊಡ್ಡಮ್ಮ. ಇಂಥ ದೊಡ್ಡಮ್ಮ ನಿಮ್ಮಲ್ಲೂ ಇರಬಹುದು; ಸೋದರತ್ತೆಯೋ, ನಾದಿನಿಯೋ, ಎದುರುಮನೆಯ ರಿಟೈರ್ಡ್ ಮೇಡಮ್ಮೋ ಆಗಿ. ಗುರುತು ಹಿಡಿಯುವುದು ಸುಲಭ. ತೋಳಿನಲ್ಲಿ ಬಟ್ಟೆ ಚೀಲ, ಚೀಲದ ಬಾಯಿಂದ ಎರಡು ಕಡ್ಡಿ ಬಸವನಹುಳುವಿನ ಕೊಂಬಿನ ಹಾಗೆ ಹೊರಗೆ. ಧಾರಾವಾಹಿ ನೋಡುವಾಗ ಕಣ್ಣು ಟಿ.ವಿ. ಮೇಲೆ, ಕಿವಿ ಕುಕ್ಕರಿನ ಸೀಟಿಯ ಮೇಲೆ. ಬೆರಳುಗಳು ಮಾತ್ರ ಯಾರ ಅಪ್ಪಣೆಗೂ ಕಾಯದೆ ತಮ್ಮಷ್ಟಕ್ಕೆ ತಾವು ಆಡುತ್ತಿರುತ್ತವೆ. ನೀವು ಎದುರಿಗೆ ಬಂದಾಗ ಅವರು ಮೊದಲು ನೋಡುವುದು ಮುಖವನ್ನಲ್ಲ, ಭುಜವನ್ನು. “ದಪ್ಪ ಆಗಿದ್ದೀಯಲ್ಲೋ” ಎಂಬುದು ಬೇರೆಯವರ ಬಾಯಲ್ಲಿ ಚುಚ್ಚುಮಾತು. ದೊಡ್ಡಮ್ಮನ ಬಾಯಲ್ಲಿ ಅದು ಎಂಟು ಕುಣಿಕೆ ಜಾಸ್ತಿ ಎಂಬ ಲೆಕ್ಕ.

ದೊಡ್ಡಮ್ಮನ ತೌರು ಮಂಡ್ಯದ ಕಡೆ. ಅಲ್ಲಿ ಚಳಿಗೆ ಅಂತ ಇದ್ದದ್ದು ಕುರುಬರು ನೇಯ್ದ ಕರಿ ಕಂಬಳಿ. ಕಂಬಳಿಗೆ ಅಳತೆಯಿಲ್ಲ, ಕೊರಳಿಲ್ಲ, ತೋಳಿಲ್ಲ. ಹೊದ್ದರೆ ಹೊದಿಕೆ, ಹಾಸಿದರೆ ಹಾಸಿಗೆ, ಮಳೆ ಬಂದರೆ ತಲೆಮೇಲೆ ಕೊಪ್ಪೆ. ಅಜ್ಜನಿಗೆ ಆದದ್ದು ಮೊಮ್ಮಗನಿಗೂ ಆಗುತ್ತಿತ್ತು. ಹಾಗೆ ನೆಮ್ಮದಿಯಾಗಿದ್ದ ಜೀವ 1974ರಲ್ಲಿ ಮದುವೆಯಾಗಿ ದೆಹಲಿಗೆ ಹೋಯಿತು. ದೊಡ್ಡಪ್ಪ ಕೇಂದ್ರ ಸರ್ಕಾರದ ನೌಕರರು, ಆರ್.ಕೆ. ಪುರಂನಲ್ಲಿ ಕ್ವಾರ್ಟರ್ಸು. ದೆಹಲಿಯ ಜನವರಿಯಲ್ಲಿ ಬೆಳಗಿನ ಜಾವ ನಾಲ್ಕೈದು ಡಿಗ್ರಿಗೆ ಇಳಿಯುವುದು ಮಾಮೂಲು. ಆ ಚಳಿಯಲ್ಲಿ ಹೊಸ ಮದುವಣಗಿತ್ತಿ ಮೂರು ದಿನ ರಜಾಯಿಯಿಂದ ಹೊರಗೇ ಬರಲಿಲ್ಲವಂತೆ. ನಾಲ್ಕನೆಯ ದಿನ ಪಕ್ಕದ ಮನೆಯ ಪಂಜಾಬಿ ಆಂಟಿ ಬಂದು ಕೈಹಿಡಿದು ಬಿಸಿಲಿಗೆ ಎಳೆದುಕೊಂಡು ಹೋದರು. ಹುಲ್ಲಿನ ಮೇಲೆ ಕ್ವಾರ್ಟರ್ಸಿನ ಹೆಂಗಸರೆಲ್ಲ ಕೂತಿದ್ದಾರೆ. ಒಂದು ಕಡೆ ಕಡಲೇಕಾಯಿ ಸಿಪ್ಪೆಯ ಗುಡ್ಡೆ, ಇನ್ನೊಂದು ಕಡೆ ಕಿತ್ತಳೆ ಸಿಪ್ಪೆಯ ಗುಡ್ಡೆ, ಎಲ್ಲರ ಮಡಿಲಲ್ಲೂ ಉಣ್ಣೆಯ ಉಂಡೆ. ಆಂಟಿಗೆ ಕನ್ನಡ ಬಾರದು, ದೊಡ್ಡಮ್ಮನಿಗೆ ಹಿಂದಿ ಬಾರದು. ಆದ್ದರಿಂದ ದೊಡ್ಡಮ್ಮ ಕಲಿತ ಮೊದಲ ಎರಡು ಹಿಂದಿ ಪದ ‘ಸೀದಾ’ ಮತ್ತು ‘ಉಲ್ಟಾ’. ಈ ಎರಡೇ ಪದ ಇಟ್ಟುಕೊಂಡು ಆರು ತಿಂಗಳು ಸಂಸಾರ ತೂಗಿಸಿದರು: ಆಟೋದವನಿಗೆ ಸೀದಾ, ತರಕಾರಿಯವನ ಲೆಕ್ಕಕ್ಕೆ ಉಲ್ಟಾ.

ಲೋಕದ ಕೈಹೆಣಿಗೆಯ ಸ್ವೆಟರೆಲ್ಲ ಈ ಎರಡರಿಂದಲೇ ಆದದ್ದು. ದಾರವನ್ನು ಮುಂದಕ್ಕೆ ಎಳೆದರೆ ಸೀದಾ, ಹಿಂದಕ್ಕೆ ನೂಕಿದರೆ ಉಲ್ಟಾ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ನುಣುಪು. ಒಂದೇ ಸಾಲಿನಲ್ಲಿ ಎರಡನ್ನೂ ಬೆರೆಸಿದರೆ ಎಳೆದಂತೆ ಹಿಗ್ಗುವ ಬಾರ್ಡರ್. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಮಗಳು ಇದನ್ನು ನೋಡಿ, “ಅಪ್ಪಾ, ದೊಡ್ಡಜ್ಜಿ ಮಾಡ್ತಿರೋದು ಕೋಡಿಂಗು. ಸೊನ್ನೆ, ಒಂದು, ಅಷ್ಟೇ” ಎಂದು ತೀರ್ಪು ಕೊಟ್ಟಳು. ದೊಡ್ಡಮ್ಮನಿಗೆ ಹೇಳಿದಾಗ, “ನಿಮ್ಮ ಆಫೀಸಿನಲ್ಲಿ ತಪ್ಪಾದರೆ ಏನು ಮಾಡ್ತೀರೇ?” ಎಂದು ಕೇಳಿದರು. “ಆ ಜಾಗ ಮಾತ್ರ ಸರಿಮಾಡ್ತೀವಿ.” ದೊಡ್ಡಮ್ಮ ಕನಿಕರದಿಂದ ನೋಡಿದರು. “ಅದಕ್ಕೇ ಪದೇಪದೇ ಕೆಡತ್ತೆ. ನಾವು ಅಲ್ಲೀತನಕ ಪೂರಾ ಬಿಚ್ತೀವಿ.”

ಕಡ್ಡಿಯ ಮೇಲೆ ಸಾಲಾಗಿ ಕೂರುವ ಒಂದೊಂದು ಕುಣಿಕೆಗೂ ದೆಹಲಿಯಲ್ಲಿ ‘ಫಂದಾ’ ಎನ್ನುತ್ತಾರೆ. ನೇಣಿಗೂ ಅದೇ ಹೆಸರು. ಕನ್ನಡದ ಕುಣಿಕೆಯ ಹಣೆಬರಹವೂ ಅದೇ. ಇದು ಆಕಸ್ಮಿಕವಲ್ಲವೆಂದು ನನಗೆ ಬಹಳ ದಿನದ ಗುಮಾನಿ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನಾದ್ದರಿಂದ ಒಮ್ಮೆ ಕೂತು ನನ್ನ ಸ್ವೆಟರಿನ ಆಡಿಟ್ ಮಾಡಿದೆ. ಮುಂಭಾಗ 50 ಸೆಂ.ಮೀ. ಅಗಲ. ಹತ್ತು ಸೆಂ.ಮೀ.ಗೆ 22 ಕುಣಿಕೆಯಂತೆ ಸಾಲಿಗೆ 110. ಉದ್ದ 60 ಸೆಂ.ಮೀ.; ಹತ್ತಕ್ಕೆ 28 ಸಾಲಿನಂತೆ 168 ಸಾಲು. ಮುಂಭಾಗ ಒಂದಕ್ಕೇ 18,480 ಕುಣಿಕೆ. ಬೆನ್ನಿಗೆ ಇನ್ನಷ್ಟು, ತೋಳೆರಡು, ಕೊರಳಪಟ್ಟಿ. ಕಂಕುಳಲ್ಲಿ ಕಳೆದದ್ದನ್ನು ಬಿಟ್ಟರೂ ಒಟ್ಟು 50,000ದ ಆಚೀಚೆ. ಕೊಲೆಗಡುಕನಿಗೂ ಸರ್ಕಾರ ಒಂದೇ ಕುಣಿಕೆ ಕೊಡುವುದು.

ಈ ಲೆಕ್ಕ ಇಡುವಾಗ ದೊಡ್ಡಮ್ಮನನ್ನು ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಉತ್ತರ ಬರುತ್ತದೆ. ಆದರೆ ಅದು ನಿಮ್ಮ ಪ್ರಶ್ನೆಗೆ ಬಂದ ಉತ್ತರವಾಗಿರುವುದಿಲ್ಲ. ಒಮ್ಮೆ ಗ್ಯಾಸ್ ಸಿಲಿಂಡರಿನ ಹುಡುಗ ಗೇಟಿನಿಂದ “ಎಷ್ಟನೇ ನಂಬರ್ ಮನೆ ಅಮ್ಮಾ?” ಎಂದು ಕೂಗಿದ. ಒಳಗಿಂದ “ತೊಂಬತ್ತೆಂಟು” ಎಂದು ಬಂತು. ಅವರ ಮನೆ ನಂಬರು ಹನ್ನೆರಡು. ಹುಡುಗ ತುಂಬಿದ ಸಿಲಿಂಡರನ್ನು ಮೂರು ಅಡ್ಡರಸ್ತೆಯಾಚೆ ತೊಂಬತ್ತೆಂಟರಲ್ಲಿ ಇಳಿಸಿ ಹೋದ. ದೊಡ್ಡಪ್ಪ ಅಂದು ಹೋಟೆಲಿನಲ್ಲಿ ಊಟ ಮಾಡಿದರು. ಸಾಲು ಮಾತ್ರ ತಪ್ಪಲಿಲ್ಲ.

ಅಳತೆ ತೆಗೆಯುವ ಕ್ರಮವೂ ಅವರದೇ. ಟೇಪು ದರ್ಜಿಗಳಿಗೆ, ದೊಡ್ಡಮ್ಮನಿಗೆ ಗೇಣು. ಸ್ಥಳ, ಕಾಲ, ಸಂದರ್ಭದ ಹಂಗಿಲ್ಲ. ದೂರದ ಸಂಬಂಧಿಕರೊಬ್ಬರ ವೈಕುಂಠ ಸಮಾರಾಧನೆಯಲ್ಲಿ ನಾನು ಗಂಭೀರವಾಗಿ ಕೈಮುಗಿದು ನಿಂತಿದ್ದೆ. ಬೆನ್ನ ಮೇಲೆ ಏನೋ ಹರಿದ ಹಾಗಾಯಿತು. ಹುಳುವೇನೋ ಎಂದು ಕೊಡವಿಕೊಳ್ಳಲು ಹೋದರೆ, “ಅಲ್ಲಾಡಬೇಡ, ಎರಡು ಗೇಣು ಆಯ್ತು, ಇನ್ನೊಂದಿದೆ” ಎಂಬ ಪಿಸುಮಾತು. ಅರ್ಧ ಆದ ಬೆನ್ನನ್ನು ಕಡ್ಡಿ ಸಮೇತ ತಂದು ನನ್ನ ಬೆನ್ನಿಗೆ ಹಿಡಿದಿದ್ದರು. ಪುರೋಹಿತರು ಅದನ್ನು ಯಾವುದೋ ಹೊಸ ಶಾಲು ಎಂದುಕೊಂಡು ನನಗೂ ಅಕ್ಷತೆ ಹಾಕಿದರು. ಅಳೆದ ಮೇಲೆ ಒಂದು ಹಿಡಿ ಜಾಸ್ತಿ ಬಿಡುವುದು ಪದ್ಧತಿ: “ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದೇ ಇರಲಿ.” ನನಗಾಗ ನಲವತ್ತೆಂಟು ವರ್ಷ. ಬೆಳೆಯುತ್ತಿದ್ದದ್ದು ಮುಂದಕ್ಕೆ ಮಾತ್ರ.

2005ರಲ್ಲಿ ದೊಡ್ಡಪ್ಪ ನಿವೃತ್ತರಾಗಿ ಮೈಸೂರಿಗೆ ಬಂದರು. ದೆಹಲಿಯ ಚಳಿ ಅಲ್ಲೇ ಉಳಿಯಿತು, ದೆಹಲಿಯ ಚಟ ಜೊತೆಯಲ್ಲಿ ಬಂತು. ಮೈಸೂರಿನ ಜನವರಿಯಲ್ಲಿ ಬೆಳಗ್ಗೆ ಒಂದು ಶಾಲು, ಹತ್ತು ಗಂಟೆಗೆ ಅದೂ ಬೇಡ. ಆದರೆ ಚಳಿ ಇಲ್ಲ ಎಂದು ದೊಡ್ಡಮ್ಮನಿಗೆ ಹೇಳಲು ಹೋದವರನ್ನು ದೊಡ್ಡಪ್ಪ ತಡೆಯುತ್ತಾರೆ. ಅವರಿಗೆ ಅಂಕಿಅಂಶದ ಹುಚ್ಚು. “1884ನೇ ಇಸವಿ ಜನವರಿ 13, ಬೆಂಗಳೂರಿನಲ್ಲಿ 7.8 ಡಿಗ್ರಿ ಆಗಿತ್ತು, ಗೊತ್ತೇನಯ್ಯಾ?” ದೊಡ್ಡಮ್ಮ ಅದನ್ನು ಮುಂದುವರಿಸುತ್ತಾರೆ: “ಅದು ಮತ್ತೆ ಬಂದರೆ ಯಾರ ಮನೆಗೆ ಓಡ್ತೀಯ?” ಬಂದೀತು ಎಂಬ ನಂಬಿಕೆಯ ಮೇಲೆಯೇ ಬಳಗದ ಬೀರುಗಳೆಲ್ಲ ತುಂಬಿವೆ. ಪ್ರತಿ ಬೀರುವಿನಲ್ಲೂ ನುಸಿಗುಳಿಗೆ ವಾಸನೆ. ಆ ವಾಸನೆ ಬಂದರೆ ಇದು ನಮ್ಮವರ ಮನೆ ಎಂದು ಕಣ್ಣು ಮುಚ್ಚಿ ಹೇಳಬಹುದು.

ಬಳ್ಳಾರಿಯಲ್ಲಿರುವ ನಮ್ಮ ಭಾವನಿಗೂ ಒಂದು ಬಂದಿದೆ. ಪೂರ್ತಿ ತೋಳು, ಗಲ್ಲ ಮುಟ್ಟುವ ಕಾಲರು. ಬಳ್ಳಾರಿಯ ಬಿಸಿಲಿನಲ್ಲಿ ಅದನ್ನು ನೋಡಿದರೇ ಬೆವರು ಹರಿಯುತ್ತದೆ. ಭಾವ ಜಾಣರು. ಅದನ್ನು ಒದ್ದೆ ಮಾಡಿ ನೀರಿನ ಹೂಜಿಗೆ ತೊಡಿಸಿದ್ದಾರೆ; ನೀರು ತಣ್ಣಗಿರುತ್ತದೆ. “ದಿನಾ ಉಪಯೋಗಿಸ್ತೀನಿ ದೊಡ್ಡತ್ತೆ. ಬಾಯಾರಿದಾಗಲೆಲ್ಲ ನಿಮ್ಮನ್ನೇ ನೆನೆಸ್ಕೋತೀನಿ” ಎಂದು ಫೋನಿನಲ್ಲಿ ಹೇಳುವಾಗ ಅವರ ದನಿಯಲ್ಲಿ ಸುಳ್ಳಿನ ಎಳೆಯೂ ಇರುವುದಿಲ್ಲ. ಮಂಗಳೂರಿನ ಹುಡುಗ ವಿಡಿಯೊ ಕರೆ ಬಂದಾಗ ಮಾತ್ರ ಹಾಕಿಕೊಳ್ಳುತ್ತಾನೆ. ಮಾತು ಮೂರು ನಿಮಿಷ ದಾಟಿತೋ, ಅವನ ಕಡೆ ನೆಟ್‌ವರ್ಕ್ ಹೋಗುತ್ತದೆ.

ಹಾಗೆಂದು ಎಲ್ಲವೂ ದೊಡ್ಡಮ್ಮ ಅಂದುಕೊಂಡ ಹಾಗೇ ಬರುತ್ತದೆ ಎನ್ನುವಂತಿಲ್ಲ. ಸ್ವೆಟರಿಗೆ ಅದರದೇ ಹಟವಿದೆ. ಕಡ್ಡಿಗಳ ನಂಬರನ್ನೇ ನೋಡಿ. ನಮ್ಮಲ್ಲಿ ಸಿಗುವುದು ಇಂಗ್ಲೆಂಡಿನ ಹಳೇ ಕ್ರಮದ್ದು. ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ. ಹನ್ನೆರಡನೇ ನಂಬರು ಅಂದರೆ 2.75 ಮಿ.ಮೀ.; ಬಾರ್ಡರಿಗೆ ಅದು. ಒಂಬತ್ತು ಅಂದರೆ 3.75 ಮಿ.ಮೀ.; ಮೈಗೆ ಅದು. ಒಂದು ಸಲ ಅಮೆರಿಕದಲ್ಲಿರುವ ಸೊಸೆ ಪ್ರೀತಿಯಿಂದ ಬಿದಿರಿನ ಕಡ್ಡಿ ತಂದುಕೊಟ್ಟಳು. ಮೇಲೆ ಒಂಬತ್ತು ಎಂದೇ ಅಚ್ಚಾಗಿತ್ತು. ಅಮೆರಿಕದವರದು ಎಲ್ಲದರಲ್ಲೂ ತಿರುಗುಮುರುಗು. ಅಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ದಪ್ಪ, ಒಂಬತ್ತೆಂದರೆ 5.5 ಮಿ.ಮೀ. ದೊಡ್ಡಮ್ಮ ನಂಬರನ್ನು ನಂಬಿದರು. ಎಂದಿನಂತೆ 110 ಕುಣಿಕೆ ಏರಿಸಿ, ಕಡ್ಡಿ ಕೈಗೆ ದಪ್ಪ ಅನ್ನಿಸಿದರೂ ಫಾರಿನ್ ಮಾಲಲ್ಲವೇ ಎಂದುಕೊಂಡು ದೊಡ್ಡಪ್ಪನಿಗೆ ಸ್ವೆಟರ್ ಹಾಕಿ ಮುಗಿಸಿದರು. ಅದರೊಳಗೆ ದೊಡ್ಡಪ್ಪ ಹೋದರು. ಆಮೇಲೆ ಇನ್ನೊಬ್ಬ ದೊಡ್ಡಪ್ಪನಿಗೂ ಜಾಗ ಉಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ತೋಳು ಇದ್ದಷ್ಟು ಕೈ ಚಾಚಲು ಹೋದ ದೊಡ್ಡಪ್ಪನ ಬೆರಳು ಕೊನೆಗೂ ಹೊರಗೆ ಕಾಣಿಸಲಿಲ್ಲ.

ಇನ್ನು ಲಾಟಿನ ಪ್ರಕರಣ. ಉಣ್ಣೆ ಉಂಡೆಯ ಚೀಟಿಯಲ್ಲಿ ಎರಡು ನಂಬರು ಇರುತ್ತವೆ: ಬಣ್ಣದ್ದೊಂದು, ಆ ಬಣ್ಣದ ಹಂಡೆಯಲ್ಲಿ ಅದು ಎಂದು ಮಿಂದಿತು ಎಂಬುದರದೊಂದು. ಬಣ್ಣ ಒಂದೇ ಆದರೂ ಸ್ನಾನ ಬೇರೆಯಾದರೆ ಛಾಯೆ ಬೇರೆ. ನನ್ನ ತಮ್ಮನ ಬಾಟಲ್ ಗ್ರೀನ್ ಸ್ವೆಟರಿಗೆ ಎಡತೋಳಿನ ಹೊತ್ತಿಗೆ ಉಣ್ಣೆ ಮುಗಿಯಿತು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಸರಿಯಾಗಿಯೇ ಕಂಡ ಹೊಸ ಉಂಡೆ ಬಿಸಿಲಿಗೆ ಬಂದಾಗ ಒಂದು ಮಟ್ಟ ಕಪ್ಪಾಗಿ ನಿಂತಿತು. ದೊಡ್ಡಮ್ಮ ಅಪ್ಪಣೆ ಕೊಡಿಸಿದರು: “ಎಡಗಡೆ ತಿರುಗಿ ನಿಂತ್ಕೋ, ಗೊತ್ತಾಗಲ್ಲ.” ಅಂದಿನಿಂದ ಯಾವ ಮದುವೆಯ ಆಲ್ಬಮ್ ತೆಗೆದರೂ ತಮ್ಮ ಮಾತ್ರ ಯಾರನ್ನೋ ಹುಡುಕುವವನಂತೆ ಪಕ್ಕಕ್ಕೆ ತಿರುಗಿದ್ದಾನೆ.

ಕೊರಳಿನದು ಬೇರೆಯದೇ ಕಥೆ. ಕೊನೆಯ ಸಾಲನ್ನು ಮುಚ್ಚುವಾಗ ಕೈ ಬಿಗಿಯಾದರೆ ಸ್ವೆಟರಿನ ಬಾಯಿಯೂ ಬಿಗಿ. ದೊಡ್ಡಮ್ಮನ ಕೈ ಬಿಗಿಯಾಗುವುದು ದೊಡ್ಡಪ್ಪನ ಮೇಲೆ ಸಿಟ್ಟು ಬಂದಾಗ. ಸಿಟ್ಟು ದೊಡ್ಡಪ್ಪನ ಮೇಲೆ, ಸ್ವೆಟರು ನನ್ನದು. 1987ರಲ್ಲಿ, ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಬರುತ್ತಿದ್ದ ಕಾಲದಲ್ಲಿ, ರಜೆಗೆ ದೆಹಲಿಗೆ ಹೋಗಿದ್ದೆ. ದೊಡ್ಡಪ್ಪ ಸರಿಯಾಗಿ ಆ ಹೊತ್ತಿಗೇ ಆಂಟೆನಾ ತಿರುಗಿಸಲು ಹೋಗಿ ರಾವಣ ಪರದೆಯಿಂದ ಮಾಯವಾದ. ಆ ವಾರ ಮುಚ್ಚಿದ ಕೊರಳು ನನ್ನದು. ತಲೆ ಹಣೆಯವರೆಗೆ ಹೋಗಿ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪಂಜಾಬಿ ಆಂಟಿ ಮೇಲಿನಿಂದ, ದೊಡ್ಡಪ್ಪ ಕೆಳಗಿನಿಂದ ಎಳೆದರು. ಕತ್ತಲಲ್ಲಿ ನಾನು ಕೇಳಿದ್ದು ದೊಡ್ಡಮ್ಮನ ಒಂದೇ ಮಾತು: “ನಿಧಾನ! ಸ್ವೆಟರಿಗೆ ಏನೂ ಆಗಬಾರದು.”

ಇವೆಲ್ಲ ಮನೆಯೊಳಗಿನ ಮಾತು. ಊರಿಗೇ ಗೊತ್ತಾದದ್ದು ರೈಲಿನ ಪ್ರಸಂಗ. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಪ್ಯಾಸೆಂಜರಿನಲ್ಲಿ ದೊಡ್ಡಮ್ಮ ಕಡ್ಡಿ ಹೊರತೆಗೆದರು. ಶ್ರೀರಂಗಪಟ್ಟಣದಲ್ಲಿ ಉಂಡೆ ಮಡಿಲಿಂದ ಜಾರಿತು. ಮಂಡ್ಯ ಬರುವ ಹೊತ್ತಿಗೆ ಅದು ನಾಲ್ಕು ಸೀಟಿನ ಕೆಳಗೆ ಹಾದು, ಒಂದು ಟ್ರಂಕು, ಎರಡು ಜೊತೆ ಚಪ್ಪಲಿ, ಮಲಗಿದ್ದ ಒಂದು ಮಗುವನ್ನು ಸುತ್ತಿಕೊಂಡಿತ್ತು. ಮದ್ದೂರಿನಲ್ಲಿ ವಡೆ ಮಾರುವವನು ಹತ್ತಿದ. “ವಡೆ ವಡೆ ವಡೆ” ಎನ್ನುತ್ತ ಬಂದವನ ಕಾಲಿಗೆ ದಾರ; ಬಿಡಿಸಿಕೊಳ್ಳಲು ತಿರುಗಿದ, ಎರಡನೇ ಕಾಲಿಗೂ ದಾರ. ಯಾರೋ ಚಾಕು ಕೊಡಲು ಬಂದರು. ದೊಡ್ಡಮ್ಮ ಎದ್ದು ನಿಂತರು. “ಕತ್ತರಿಸಿದರೆ ಗಂಟು ಹಾಕಬೇಕು. ಗಂಟು ಸರಿಯಾಗಿ ಎದೆ ಮೇಲೇ ಬರತ್ತೆ.” ಆ ಮಾತಿನ ಮುಂದೆ ಚಾಕು ಮಡಚಿಕೊಂಡಿತು. ಮುಂದಿನ ಸ್ಟೇಷನ್ನಿನಲ್ಲಿ ಇಳಿಯಬೇಕಾದವನು ಚನ್ನಪಟ್ಟಣ ದಾಟಿ, ರಾಮನಗರ ದಾಟಿ, ದೊಡ್ಡಮ್ಮ ದಾರವನ್ನು ಗೇಣುಗೇಣಾಗಿ ಬಿಡಿಸಿ ಸುತ್ತಿಕೊಳ್ಳುವವರೆಗೆ ಅಲ್ಲೇ ನಿಂತ. ಅಷ್ಟರಲ್ಲಿ ಆ ಬೋಗಿಯ ಜನ ಅವನ ಬುಟ್ಟಿಯನ್ನು ಖಾಲಿ ಮಾಡಿದ್ದರು. ಇಳಿಯುವಾಗ ಅವನು ಕೇಳಿದನಂತೆ, “ನಾಳೇನೂ ಬರ್ತೀರಾ ಅಮ್ಮಾ?”

ದೊಡ್ಡಪ್ಪ ಇಷ್ಟನ್ನೆಲ್ಲ ಸಹಿಸಿಕೊಂಡದ್ದು ಇತಿಹಾಸದ ಬಲದಿಂದ. ಅವರ ಪ್ರಕಾರ ಸ್ವೆಟರ್ ಅನ್ನುವುದು ಗೃಹಕೃತ್ಯವಲ್ಲ, ಯುದ್ಧದ ಮುಂದುವರಿಕೆ. “ಕ್ರಿಮಿಯನ್ ಯುದ್ಧ ಓದಿದ್ದೀಯಾ? ಬಾಲಕ್ಲಾವ ಅಂತ ಒಂದು ಊರು, 1854ರ ಅಕ್ಟೋಬರ್ 25ರಂದು ಅಲ್ಲಿ ಕದನ. ಕುದುರೆ ಪಡೆ ನುಗ್ಗಿಸಿದವನು ಲಾರ್ಡ್ ಕಾರ್ಡಿಗನ್. ಈ ಗುಂಡಿ ಸ್ವೆಟರಿಗೆ ಅವನ ಹೆಸರು. ಮೇಲಧಿಕಾರಿ ಲಾರ್ಡ್ ರಾಗ್ಲನ್, 1815ರ ವಾಟರ್ಲೂನಲ್ಲಿ ಬಲಗೈ ಕಳಕೊಂಡವನು. ನಿನ್ನ ಸ್ವೆಟರಿನ ಕೊರಳಿಂದ ಕಂಕುಳಿಗೆ ಓರೆಯಾಗಿ ಇಳಿಯೋ ತೋಳಿಗೆ ಅವನ ಹೆಸರು. ನಮ್ಮ ಮಂಕಿ ಕ್ಯಾಪ್ ಇದೆಯಲ್ಲ, ಅದು ಇಂಗ್ಲಿಷಿನಲ್ಲಿ ಬಾಲಕ್ಲಾವ. ಒಂದೇ ಯುದ್ಧ, ಮೂರು ಡಿಸೈನು!” ಅಷ್ಟಕ್ಕೆ ನಿಲ್ಲುವುದಿಲ್ಲ. ಕಾಲುಚೀಲದ ತುದಿಯನ್ನು ಹೊಲಿಗೆ ಕಾಣದ ಹಾಗೆ ಜೋಡಿಸುವ ಕಿಚನರ್ ಹೊಲಿಗೆಗೆ ಭಾರತದಲ್ಲಿ 1902ರಿಂದ 1909ರವರೆಗೆ ದಂಡನಾಯಕನಾಗಿದ್ದ ಲಾರ್ಡ್ ಕಿಚನರನ ಹೆಸರಿದೆ ಎಂದೂ ಸೇರಿಸುತ್ತಾರೆ. ದೊಡ್ಡಮ್ಮ ಅಷ್ಟು ದಿನ ಅದನ್ನು ಕಿಚನ್ನಿನಲ್ಲಿ ಕೂತು ಹಾಕುವ ಹೊಲಿಗೆ ಎಂದುಕೊಂಡು ಹಾಲು ಕಾಯಿಸುವಾಗಲೇ ಹಾಕುತ್ತಿದ್ದರು. ಇತಿಹಾಸ ತಿಳಿದ ಮೇಲೂ ಜಾಗ ಬದಲಾಯಿಸಿಲ್ಲ. ಹಾಲು ಮಾತ್ರ ಆಗಲೂ ಉಕ್ಕುತ್ತಿತ್ತು, ಈಗಲೂ ಉಕ್ಕುತ್ತದೆ.

ಹಾಕುವುದಕ್ಕೆ ಎರಡರ್ಥ ಇದ್ದಂತೆ ಬಿಚ್ಚುವುದಕ್ಕೂ ಎರಡರ್ಥ. ಇದು ನನಗೆ ತಿಳಿದದ್ದು ತಮ್ಮನ ಮದುವೆಯ ಆರತಕ್ಷತೆಯಲ್ಲಿ. ಕಲ್ಯಾಣಮಂಟಪದ ಸೆಕೆಗೆ ತಾಳಲಾರದೆ ಸ್ವೆಟರನ್ನು ತೆಗೆದು ರೂಮಿನಲ್ಲಿಟ್ಟು ಬಂದಿದ್ದೆ. “ಎಲ್ಲೋ ಸ್ವೆಟರು?” ಎಂದರು ದೊಡ್ಡಮ್ಮ. “ಬಿಚ್ಚಿಬಿಟ್ಟೆ ದೊಡ್ಡಮ್ಮ” ಎಂದೆ. ಅವರ ಮುಖದ ರಕ್ತ ಇಳಿಯಿತು. ಪಕ್ಕದ ಕುರ್ಚಿ ಹಿಡಿದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ ಕೇಳಿದರು: “ಎಷ್ಟು ಸಾಲು ಬಿಚ್ಚಿದೆ?”

ಅವರು ಬಿಚ್ಚುವುದನ್ನು ನೋಡಬೇಕು. ಹಳೇ ಸ್ವೆಟರಿನ ತುದಿ ಹಿಡಿದು ಎಳೆದರೆ ಸರ್ ಸರ್ ಎಂದು ಐದು ವರ್ಷದ ಹಿಂದಿನ ಚಳಿಗಾಲ ಕಾಲುಗಂಟೆಯಲ್ಲಿ ಬಿಚ್ಚಿಕೊಳ್ಳುತ್ತದೆ. ನೂಡಲ್ಸಿನಂತೆ ಗುಂಗುರಾದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿ ಕಟ್ಟಿ, ನೀರಲ್ಲಿ ಅದ್ದಿ, ಬೀಗದ ಕೈ ಗೊಂಚಲನ್ನು ತೂಕಕ್ಕೆ ಕಟ್ಟಿ ನೇತುಹಾಕುತ್ತಾರೆ. ಒಣಗುವ ಹೊತ್ತಿಗೆ ಗುಂಗುರು ಮಾಯ. ಅದು ಮತ್ತೆ ಯಾರದೋ ಬೆನ್ನಾಗುತ್ತದೆ. ನನ್ನ ಬಾಲ್ಯದ ಸ್ವೆಟರು ತಮ್ಮನದಾಗಿ, ತಂಗಿಯ ಅರ್ಧತೋಳಾಗಿ, ಕೊನೆಗೆ ಮಂಕಿ ಕ್ಯಾಪಾಗಿ ದೊಡ್ಡಪ್ಪನ ತಲೆ ಸೇರಿದೆ.

ಬಿಚ್ಚಲಾಗದ ಸ್ವೆಟರು ನಮ್ಮ ಬಳಗದಲ್ಲಿ ಒಂದೇ ಒಂದು. ಅದಕ್ಕೆ ಕಾರಣ ನನ್ನ ಹೆಂಡತಿ, ಅಥವಾ ನಾನು, ಈ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಅಪ್ಪಟ ಕುರಿ ಉಣ್ಣೆಯದನ್ನು ಬಿಸಿನೀರಿನ ವಾಷಿಂಗ್ ಮೆಷಿನ್ನಿಗೆ ಹಾಕಿದ್ದಾಯಿತು. ಕುರಿಯ ಕೂದಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ, ಮೀನಿನ ಮೈಯ ಹಾಗೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ, ಮತ್ತೆ ಬಿಡುವುದಿಲ್ಲ. ಒಳಗೆ ಹೋದದ್ದು ನನ್ನ ಸ್ವೆಟರು, ಹೊರಗೆ ಬಂದದ್ದು ತೊಟ್ಟಿಲ ಮಗುವಿನದು, ಅದೂ ರಟ್ಟಿನಷ್ಟು ಗಟ್ಟಿ. ದೊಡ್ಡಮ್ಮ ಬಂದು ನೋಡಿದರು. ತುದಿ ಹುಡುಕಿ ಎಳೆದರು. ಬರಲಿಲ್ಲ. ಬೈಗುಳ ಬರುತ್ತದೆಂದು ನಾವಿಬ್ಬರೂ ಒಬ್ಬರ ಹಿಂದೆ ಒಬ್ಬರು ನಿಂತಿದ್ದೆವು. “ಪಾಪ, ಇದಕ್ಕೆ ಮೋಕ್ಷ ಸಿಕ್ತು” ಎಂದರು ದೊಡ್ಡಮ್ಮ. ಪುನರ್ಜನ್ಮವಿಲ್ಲದ ಆ ಸ್ವೆಟರು ಈಗ ನಮ್ಮ ಫ್ಲಾಸ್ಕಿನ ಮೈಮೇಲಿದೆ.

ಇಷ್ಟು ಜನಕ್ಕೆ ಹಾಕಿದ ದೊಡ್ಡಮ್ಮ ತಾವು ಹಾಕಿಕೊಳ್ಳುವುದು ಏನು? ಚಳಿಗಾಲದಲ್ಲಿ ಟಿಬೆಟಿಯನ್ನರು ಊರೂರಲ್ಲಿ ಸ್ವೆಟರ್ ಅಂಗಡಿ ಹಾಕುತ್ತಾರಲ್ಲ. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದವರು, ಮಾರುವುದು ಬಹುಪಾಲು ಲೂಧಿಯಾನದ ಮಾಲು. ಪ್ರತಿ ಡಿಸೆಂಬರಿನಲ್ಲೂ ದೊಡ್ಡಮ್ಮ ಅಲ್ಲಿಗೆ ತಪಾಸಣೆಗೆ ಹೋಗುತ್ತಾರೆ. ಒಂದೊಂದನ್ನೂ ಒಳಹೊರಗು ಮಾಡಿ, ಹೊಲಿಗೆ ಎಳೆದು, “ಮೆಷಿನ್” ಎಂದು ಮುಖ ಸಿಂಡರಿಸಿ ಇಡುತ್ತಾರೆ. ಅಂಗಡಿಯಾಕೆ ತಾಳ್ಮೆಯಿಂದ ಮತ್ತೆ ಮಡಿಸುತ್ತಾಳೆ. ಕೊನೆಗೆ ಚೌಕಾಸಿ ಮಾಡಿ ಒಂದು ಕಂದು ಕಾರ್ಡಿಗನ್ ತಂದು ಸೀರೆಯ ಮೇಲೆ ತಾವೇ ಹಾಕಿಕೊಳ್ಳುತ್ತಾರೆ. ಕೇಳಿದರೆ, “ನಂದು ಇನ್ನೂ ಮುಗಿದಿಲ್ಲವಲ್ಲೋ” ಎನ್ನುತ್ತಾರೆ.

ಅವರದು ಶುರುವಾದದ್ದು 1984ರ ಚಳಿಗಾಲದಲ್ಲಿ. ನವಿಲುನೀಲಿ ಬಣ್ಣ. ಎರಡು ವರ್ಷದಲ್ಲಿ ಮುಂದೆ, ಹಿಂದೆ ಆಯಿತು. ಆಮೇಲೆ ಯಾರದೋ ತೋಳಿಗೆ ದಾರ ಕಡಿಮೆ ಬಿತ್ತು. ತಮ್ಮದರಿಂದ ಒಂದು ಗೇಣು ಬಿಚ್ಚಿ ಕೊಟ್ಟರು. ಇನ್ಯಾರದೋ ಕೊರಳಪಟ್ಟಿಗೆ ನಾಲ್ಕು ಸಾಲು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಬಳಗದ ಸ್ವೆಟರುಗಳಿಗೆಲ್ಲ ಅದು ರಿಸರ್ವ್ ಬ್ಯಾಂಕು. ಸಾಲ ವಾಪಸು ಬರುತ್ತಿತ್ತು, ಆದರೆ ಬೇರೆ ನೋಟಿನಲ್ಲಿ: ಭಾವನ ಸ್ವೆಟರಿನಿಂದ ಉಳಿದ ಮರೂನ್ ಒಂದು ಪಟ್ಟಿ, ತಮ್ಮನ ಬಾಟಲ್ ಗ್ರೀನ್ ಒಂದು ಪಟ್ಟಿ, ನನ್ನ ಬೂದಿ ಬಣ್ಣ ಎರಡು ಸಾಲು. ನವಿಲುನೀಲಿ ಬರಬರುತ್ತಾ ಕರಗಿ ಎದೆಯ ಮೇಲೆ ಒಂದು ಅಂಗೈ ಅಗಲ ಉಳಿಯಿತು. ಮುಂಭಾಗ ನೋಡಿದರೆ ಬಳಗದ ಲೆಡ್ಜರ್ ಓದಿದ ಹಾಗೆ; ಯಾರ್ಯಾರಿಗೆ ಯಾವ ವರ್ಷ ಎಷ್ಟು ಎಂದು ಬೆರಳಿಟ್ಟು ಹೇಳಬಹುದು.

ಅದು ಮುಗಿದದ್ದು 2020ರ ಲಾಕ್‌ಡೌನಿನಲ್ಲಿ. ಉಣ್ಣೆ ಅಂಗಡಿ ಮುಚ್ಚಿತ್ತು. ಮದುವೆಯಿಲ್ಲ, ತಿಥಿಯಿಲ್ಲ, ಗೇಣಿಗೆ ಸಿಗುವ ಒಂದು ಬೆನ್ನೂ ಊರಲ್ಲಿರಲಿಲ್ಲ. ಮೈಸೂರಿನ ಮೇ ತಿಂಗಳ ಬಿಸಿಲಿನಲ್ಲಿ, ಫ್ಯಾನಿನ ಕೆಳಗೆ ಕೂತು, ಮೂವತ್ತಾರು ವರ್ಷದ ಬಾಕಿಯನ್ನು ದೊಡ್ಡಮ್ಮ ಚುಕ್ತಾ ಮಾಡಿದರು. ತೊಡಲು ಹೋದರೆ ಭುಜದಲ್ಲೇ ನಿಂತಿತು. ಎಲ್ಲರ ಮೈಯನ್ನೂ ವರ್ಷವರ್ಷ ಅಳೆದವರು ತಮ್ಮದನ್ನು ಮಾತ್ರ 1984ರ ಅಳತೆಗೇ ಬಿಟ್ಟಿದ್ದರು. “ಆಗ ನಾನು ಸಣ್ಣಕಿದ್ದೆ” ಎಂದರು. “ಇದ್ದಳು, ನನಗೆ ಜ್ಞಾಪಕವಿದೆ” ಎಂದರು ದೊಡ್ಡಪ್ಪ, ಈ ಸಲ ಇಸವಿ ಹೇಳದೆ.

ಅದು ಅಳತೆ ಮಾಡಿಸಿದಂತೆ ಕೂತದ್ದು ನನ್ನ ಮಗಳಿಗೆ. ಅವಳ ಆಫೀಸಿನ ಏಸಿಯಲ್ಲಿ ವರ್ಷವಿಡೀ ದೆಹಲಿಯ ಜನವರಿಯಂತೆ. ಸಹೋದ್ಯೋಗಿಗಳು ಎಲ್ಲಿ ತಗೊಂಡೆ, ಎಷ್ಟು ಕೊಟ್ಟೆ ಎಂದು ಕೇಳುತ್ತಾರಂತೆ; ಬಣ್ಣಬಣ್ಣದ ಪಟ್ಟಿ ಈಗ ಫ್ಯಾಷನ್ನಂತೆ. ಅಂತೂ ನಮ್ಮ ಬಳಗಕ್ಕೆ ಒಬ್ಬಳು ಹಾಕಿಕೊಳ್ಳುವವಳು ಸಿಕ್ಕಳು.

ಮೊನ್ನೆ ಸಂಕ್ರಾಂತಿಯ ದಿನ ಅದನ್ನೇ ಹಾಕಿಕೊಂಡು ಎಳ್ಳು ಬೀರಲು ದೊಡ್ಡಮ್ಮನ ಮನೆಗೆ ಬಂದಳು. ದೊಡ್ಡಪ್ಪ ಮಂಕಿ ಕ್ಯಾಪಿನೊಳಗಿಂದ ನಕ್ಕರು. ದೊಡ್ಡಮ್ಮ ಎಳ್ಳಿನ ಪೊಟ್ಟಣವನ್ನು ಪಕ್ಕಕ್ಕಿಟ್ಟು, ಕನ್ನಡಕ ಏರಿಸಿ, “ಬಾ ಇಲ್ಲಿ, ತಿರುಗು, ಕೈ ಎತ್ತು” ಎಂದರು. ಸಾಲುಸಾಲಾಗಿ ಬೆರಳು ಓಡಿಸಿದರು. ನೀಲಿ, ಬೂದಿ, ಮರೂನ್. ಬಲ ಕಂಕುಳ ಕೆಳಗೆ, ತಮ್ಮನ ಹಸಿರು ಪಟ್ಟಿಯ ಮೂರನೇ ಸಾಲಿನಲ್ಲಿ ಬೆರಳು ನಿಂತಿತು.

“ಇಲ್ಲಿ ಸೀದಾ ಬರಬೇಕಿತ್ತು. ಉಲ್ಟಾ ಬಿದ್ದಿದೆ.”

“ಕಂಕುಳಲ್ಲಿ ಯಾರು ನೋಡ್ತಾರೆ ದೊಡ್ಡಜ್ಜಿ?”

“ಈಗ ನಾನು ನೋಡಿದೆನಲ್ಲ.” ದೊಡ್ಡಮ್ಮ ಚೀಲಕ್ಕೆ ಕೈ ಹಾಕಿ ಒಂಬತ್ತನೇ ನಂಬರಿನ ಕಡ್ಡಿ ತೆಗೆದರು.

“ಬಿಚ್ಚು” ಎಂದರು.